ಹೆದರಿದಿರಾ ಎಂದು ಕೇಳಬೇಡಿ

ಇಂಗ್ಲೆಂಡಿನಲ್ಲಿ ಹೆಚ್ಚುಕಡಿಮೆ ನಮ್ಮ ಪಿಯುಸಿಗೆ ಸಮನಾದ ‘ಎ ಲೆವೆಲ್’ ಓದುವ ಹುಡುಗ ಹುಡುಗಿಯರಿಗೆ ಮೀಡಿಯಾ ಸ್ಟಡೀಸ್ ಎಂಬ ಐಚ್ಛಿಕ ವಿಷಯವಿದೆ. ಅಲ್ಲಿನ ಪರೀಕ್ಷಾ ಮಂಡಳಿಗಳಲ್ಲಿ ಒಂದಾದ ಓಸಿಆರ್ 2008ರಿಂದ ಸುಮಾರು ಹತ್ತು ವರ್ಷ ನಡೆಸಿದ ಪಠ್ಯಕ್ರಮದಲ್ಲಿ ಎರಡನೇ ವರ್ಷದ ಪ್ರಾಜೆಕ್ಟಿಗೆ ಸಿನಿಮಾ ಟ್ರೇಲರ್ ಕೂಡ ಒಂದು ಆಯ್ಕೆಯಾಗಿತ್ತು. ಯಾರೂ ತೆಗೆಯದ, ಮುಂದೆಯೂ ತೆಗೆಯಲಾರದ ಸಿನಿಮಾವೊಂದನ್ನು ಕಲ್ಪಿಸಿಕೊಂಡು ಅದಕ್ಕೊಂದು ಟ್ರೇಲರ್ ಮಾಡಬೇಕಿತ್ತು, ಪೋಸ್ಟರ್, ಪತ್ರಿಕೆಯ ಮುಖಪುಟದಂಥ ಪ್ರಚಾರ ಸಾಮಗ್ರಿಯನ್ನೂ ಸೇರಿಸಬೇಕಿತ್ತು, ಕೊನೆಗೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಒಪ್ಪಿಸಬೇಕಿತ್ತು. ನಾಲ್ಕರಲ್ಲಿ ಮೂರನೆಯದು, ಪ್ರೇಕ್ಷಕರ ಪ್ರತಿಕ್ರಿಯೆಯಿಂದ ನೀವು ಕಲಿತದ್ದೇನು ಎಂಬುದು. ಟ್ರೇಲರ್ ಆಯ್ದುಕೊಂಡವರಲ್ಲಿ ಬಹಳ ಮಂದಿ ಒಲಿದದ್ದು ಹಾರರ್‌ಗೆ. ಕಾರಣ ಸರಳ. ದೊಡ್ಡ ನಟರು ಬೇಡ, ಸೆಟ್ ಬೇಡ. ಊರಾಚೆಯ ಒಂದು ಕಾಡು, ಒಂದು ಖಾಲಿ ಮನೆ, ಮುಸುಕು ಹಾಕಿದ ಒಬ್ಬ ಗೆಳೆಯ, ಅರ್ಧ ರಾತ್ರಿ ಎಚ್ಚರವಿರುವ ಉತ್ಸಾಹ ಇದ್ದರೆ ಸಾಕು. ಮೇಲಾಗಿ ಭಯ ಹುಟ್ಟಿತೋ ಇಲ್ಲವೋ ಎಂಬುದು ತಕ್ಷಣ ಗೊತ್ತಾಗುವ ಸಂಗತಿ ಎಂಬ ನಂಬಿಕೆ. ಈ ನಂಬಿಕೆಯನ್ನೇ ಸ್ವಲ್ಪ ತಟ್ಟಿ ನೋಡಬೇಕು ಎಂಬುದು ಈ ಬರಹದ ಉದ್ದೇಶ.

ಪ್ರತಿಕ್ರಿಯೆ ಸಂಗ್ರಹಿಸುವ ರೂಢಿಯ ದಾರಿ ಎಲ್ಲರಿಗೂ ಪರಿಚಿತ. ಟ್ರೇಲರ್ ಮುಗಿದ ಮೇಲೆ ಸಹಪಾಠಿಗಳಿಗೆ ತೋರಿಸುವುದು, ಕೈಗೊಂದು ಪ್ರಶ್ನಾವಳಿ ಕೊಡುವುದು: ನಿಮಗೆ ಹೆದರಿಕೆಯಾಯಿತೇ? ಸಂಗೀತ ಹೊಂದಿತೇ? ಈ ಸಿನಿಮಾ ಬಂದರೆ ನೋಡುತ್ತೀರಾ? ಉತ್ತರಗಳನ್ನು ಎಣಿಸಿ ಬಣ್ಣದ ಪೈ ಚಾರ್ಟ್ ಮಾಡಿದರೆ ಮುಗಿಯಿತು. ಹೆಚ್ಚಿನವರು ಹೌದು ಎಂದಿರುತ್ತಾರೆ, ಒಂದಿಬ್ಬರು ಕತ್ತಲೆ ಜಾಸ್ತಿಯಾಯಿತು ಎಂದಿರುತ್ತಾರೆ, ಯಾರೋ ಒಬ್ಬ ಇನ್ನಷ್ಟು ರಕ್ತ ಬೇಕಿತ್ತು ಎಂದು ಬರೆದಿರುತ್ತಾನೆ. ಇದರಿಂದ ಕಲಿಯುವುದು ಏನು? ಗೆಳೆಯರು ಒಳ್ಳೆಯವರು ಎಂಬುದೊಂದನ್ನೇ. ವಾರಗಟ್ಟಲೆ ನಿದ್ದೆಗೆಟ್ಟು ಎಡಿಟ್ ಮಾಡಿದ ಗೆಳತಿ ಪಕ್ಕದಲ್ಲೇ ನಿಂತು ಮುಖ ನೋಡುತ್ತಿರುವಾಗ ಹೆದರಿಕೆಯಾಗಲಿಲ್ಲ ಎಂದು ಬರೆಯುವ ಗಟ್ಟಿಗರು ಹದಿನೇಳರ ವಯಸ್ಸಿನಲ್ಲಿ ಕಡಿಮೆ. ಅದಕ್ಕಿಂತ ದೊಡ್ಡ ತೊಡಕೆಂದರೆ ಕೆಲಸ ಮುಗಿದ ಮೇಲೆ ಕೇಳಿದ ಅಭಿಪ್ರಾಯ. ಅದರಿಂದ ಟ್ರೇಲರ್ ಬದಲಾಗುವುದಿಲ್ಲ, ಉತ್ತರಪತ್ರಿಕೆಯ ಒಂದು ಪುಟ ತುಂಬುತ್ತದೆ ಅಷ್ಟೆ.

ಆದರೆ ದಾಕ್ಷಿಣ್ಯ ತೊಲಗಿದ ಮಾತ್ರಕ್ಕೆ ಸಮಸ್ಯೆ ಬಗೆಹರಿಯುವುದಿಲ್ಲ. ನೋಡುಗರು ಪೂರ್ತಿ ಪ್ರಾಮಾಣಿಕರಾಗಿದ್ದರೂ ತಮಗೇಕೆ ಹಾಗನ್ನಿಸಿತು ಎಂಬುದನ್ನು ಹೇಳುವಲ್ಲಿ ಸೋಲುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ನಿಸ್ಬೆಟ್ ಮತ್ತು ತಿಮೊಥಿ ವಿಲ್ಸನ್ 1977ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಅಂಗಡಿಯೊಂದರಲ್ಲಿ ಒಂದೇ ಥರದ ನಾಲ್ಕು ಜೊತೆ ನೈಲಾನ್ ಕಾಲುಚೀಲಗಳನ್ನು ಸಾಲಾಗಿ ಇಟ್ಟು, ಯಾವುದು ಉತ್ತಮ, ಏಕೆ ಎಂದು ಬಂದವರನ್ನು ಕೇಳಿದರು. ಬಲತುದಿಯಲ್ಲಿ ಇದ್ದದ್ದಕ್ಕೆ ಉಳಿದವುಗಳಿಗಿಂತ ಬಹಳ ಹೆಚ್ಚು ಮಂದಿ ಮತ ಕೊಟ್ಟರು. ಕಾರಣ ಕೇಳಿದರೆ ನೇಯ್ಗೆ ಚೆನ್ನಾಗಿದೆ, ನಯವಾಗಿದೆ ಎಂದರು. ಇಟ್ಟ ಜಾಗದಿಂದ ಹಾಗೆ ಅನ್ನಿಸಿರಬಹುದೇ ಎಂದಾಗ ಬಹುತೇಕ ಎಲ್ಲರೂ ಇಲ್ಲವೇ ಇಲ್ಲ ಎಂದರು. ಅವರು ಸುಳ್ಳಾಡುತ್ತಿರಲಿಲ್ಲ, ಮನಸ್ಸು ನಿರ್ಧಾರವನ್ನು ಮೊದಲು ಮಾಡಿ ಕಾರಣವನ್ನು ಆಮೇಲೆ ಹುಡುಕಿಕೊಳ್ಳುತ್ತದೆ. ಕಾಲುಚೀಲದ ವಿಷಯದಲ್ಲೇ ಹೀಗಾದರೆ, ಒಂದೂವರೆ ನಿಮಿಷದಲ್ಲಿ ನಲವತ್ತು ಐವತ್ತು ಶಾಟ್‌ಗಳು ಹಾರಿಹೋಗುವ ಟ್ರೇಲರಿನಲ್ಲಿ ತಮ್ಮ ಎದೆ ಯಾವುದಕ್ಕೆ ಧಸಕ್ಕೆಂದಿತು ಎಂದು ಯಾರು ಹೇಳಿಯಾರು? ಮುಖವಾಡ ನೋಡಿ ಹೆದರಿದೆ ಎನ್ನುವವನು ನಿಜವಾಗಿ ಬೆಚ್ಚಿದ್ದು ಮುಖವಾಡಕ್ಕೆ ಅರೆಸೆಕೆಂಡು ಮೊದಲು ಹಿನ್ನೆಲೆ ಸದ್ದು ಪೂರ್ತಿ ನಿಂತಾಗ ಆಗಿರಬಹುದು. ನೆನಪಿನಲ್ಲಿ ಉಳಿಯುವುದು ಚಿತ್ರ, ಕೆಲಸ ಮಾಡಿದ್ದು ಶಬ್ದ.

ಹಾಗಾದರೆ ಪ್ರೇಕ್ಷಕರನ್ನು ಕೇಳುವುದನ್ನೇ ಬಿಟ್ಟು, ಮಾಡಿದವರ ತೀರ್ಮಾನಕ್ಕೇ ಬಿಡಬಾರದೇಕೆ ಎಂದು ಯಾರಾದರೂ ಕೇಳಬಹುದು. ಬಿಡಬಾರದು, ಏಕೆಂದರೆ ಈ ವಿಷಯದಲ್ಲಿ ಮಾಡಿದವರಷ್ಟು ಕೆಟ್ಟ ತೀರ್ಪುಗಾರರು ಬೇರೆ ಇಲ್ಲ. ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಪ್ರಯೋಗದಲ್ಲಿ ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ಲಯವನ್ನು ಬೆರಳಿನಿಂದ ಮೇಜಿನ ಮೇಲೆ ಬಡಿಯಬೇಕು, ಎದುರಿಗಿದ್ದವರು ಹಾಡು ಯಾವುದೆಂದು ಗುರುತಿಸಬೇಕು. ಬಡಿದವರು ಅರ್ಧದಷ್ಟಾದರೂ ಗುರುತಿಸುತ್ತಾರೆ ಎಂದು ಅಂದುಕೊಂಡಿದ್ದರು. 120 ಹಾಡುಗಳಲ್ಲಿ ಗುರುತು ಸಿಕ್ಕಿದ್ದು ಮೂರಕ್ಕೆ ಮಾತ್ರ. ಬಡಿಯುವವರ ತಲೆಯೊಳಗೆ ಇಡೀ ಹಾಡು ಓಡುತ್ತಿರುತ್ತದೆ, ಕೇಳುವವರಿಗೆ ಬರೀ ಟಕ್ ಟಕ್. ಎಡಿಟಿಂಗ್ ಮೇಜಿನ ಮುಂದೆ ಕೂತ ವಿದ್ಯಾರ್ಥಿಯದೂ ಇದೇ ಪಾಡು. ಬಾಗಿಲ ಸಂದಿಯಲ್ಲಿ ಕಾಣುವ ನೆರಳು ಸತ್ತ ತಂಗಿಯದು ಎಂದು ಅವನಿಗೆ ಗೊತ್ತು, ಏಕೆಂದರೆ ಕಥೆ ಬರೆದವನು ಅವನೇ. ನೋಡುವವನಿಗೆ ಅದು ಪರದೆಯ ಮಡಿಕೆಯಂತೆ ಕಂಡೀತು, ಕಾಣದೆಯೇ ಹೋದೀತು. ಜೊತೆಗೆ, ಬೆಚ್ಚಿಬೀಳಿಸುವ ಜಾಗ ಮೊದಲೇ ತಿಳಿದವರನ್ನು ಆ ಜಾಗ ಬೆಚ್ಚಿಬೀಳಿಸುವುದಿಲ್ಲ. ತಮಾಷೆಯ ಮಾತನ್ನು ಹತ್ತನೇ ಸಲ ಕೇಳಿಯೂ ಅದು ಒಳ್ಳೆಯ ತಮಾಷೆ ಎಂದು ತಲೆಯಿಂದ ಅಳೆಯಬಹುದೇನೋ. ಆದರೆ ಬೆಚ್ಚುವುದು ಮೈಯ ಕೆಲಸ, ಗುಟ್ಟು ಗೊತ್ತಾದ ಮೇಲೆ ಮೈ ಅಲುಗುವುದಿಲ್ಲ.

ಒಂದು ಕಡೆ ಏಕೆಂದು ಹೇಳಲಾರದ ಪ್ರೇಕ್ಷಕ, ಇನ್ನೊಂದು ಕಡೆ ಏನನ್ನೂ ಹೊಸದಾಗಿ ಕಾಣಲಾರದ ನಿರ್ದೇಶಕ. ಈ ಇಬ್ಬರ ನಡುವೆ ಕೆಲಸ ಹಂಚುವುದು ಹೇಗೆ ಎಂಬುದೇ ನಿಜವಾದ ಪ್ರಶ್ನೆ. ನನ್ನ ವಾದ ಇಷ್ಟು: ಎಲ್ಲಿ ಏನಾಯಿತು ಎಂಬುದಕ್ಕೆ ಪ್ರೇಕ್ಷಕನೇ ಸಾಕ್ಷಿ, ಅವನ ಮಾತು ಅಂತಿಮ, ಏಕೆ ಹಾಗಾಯಿತು, ಏನು ಮಾಡಿದರೆ ಸರಿಹೋದೀತು ಎಂಬುದು ಮಾಡಿದವರ ಪಾಲು. ಊಟಕ್ಕೆ ಕೂತವರು ಸಾರು ಸಪ್ಪೆ ಎಂದರೆ ಒಪ್ಪಿಕೊಳ್ಳಲೇಬೇಕು. ಉಪ್ಪು ಸಾಲದೋ ಹುಳಿ ಸಾಲದೋ ಎಂದು ನೋಡಬೇಕಾದವರು ಒಲೆಯ ಮುಂದೆ ಇದ್ದವರು. ಇನ್ನಷ್ಟು ರಕ್ತ ಬೇಕಿತ್ತು ಎಂದು ಬರೆದ ಹುಡುಗನ ಮಾತನ್ನು ಹಾಗೆಯೇ ಪಾಲಿಸಿದರೆ ಟೊಮೆಟೊ ಸಾಸ್ ಖರ್ಚಾಗುತ್ತದೆಯೇ ಹೊರತು ಭಯ ಹುಟ್ಟುವುದಿಲ್ಲ. ಅವನಿಗೆ ಅಲ್ಲಿ ಏನೋ ಕೊರತೆ ಕಂಡದ್ದು ಮಾತ್ರ ನಿಜ. ಆ ಕೊರತೆ ಮೂವತ್ತನೇ ಸೆಕೆಂಡಿನಲ್ಲೋ ಎಪ್ಪತ್ತನೇ ಸೆಕೆಂಡಿನಲ್ಲೋ ಎಂಬುದು ಅವನಿಂದ ಹೊರಡಿಸಿಕೊಳ್ಳಬೇಕಾದ ಉತ್ತರ.

ಈ ಕೆಲಸದ ಹಂಚಿಕೆ ಫಲ ಕೊಟ್ಟದ್ದಕ್ಕೆ ಹಾರರ್ ಚರಿತ್ರೆಯಲ್ಲೇ ಒಂದು ಒಳ್ಳೆಯ ಪ್ರಸಂಗವಿದೆ, ಅದೂ ವಿದ್ಯಾರ್ಥಿಗಳಿಗೆ ಹತ್ತಿರದ್ದು. ‘ದ ಬ್ಲೇರ್ ವಿಚ್ ಪ್ರಾಜೆಕ್ಟ್’ ಮಾಡಿದ ಡೇನಿಯಲ್ ಮಿರಿಕ್ ಮತ್ತು ಎಡುವಾರ್ಡೊ ಸಾಂಚೆಜ್ ಫ್ಲಾರಿಡಾದ ಒಂದು ವಿಶ್ವವಿದ್ಯಾಲಯದಲ್ಲಿ ಒಟ್ಟಿಗೆ ಸಿನಿಮಾ ಕಲಿತವರು. ಕಾಡಿನಲ್ಲಿ ಕಳೆದುಹೋದ ಮೂವರು ವಿದ್ಯಾರ್ಥಿಗಳ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳು ಎಂಬ ಸೋಗಿನಲ್ಲಿ, ನಟರ ಕೈಗೇ ಕ್ಯಾಮೆರಾ ಕೊಟ್ಟು ಬಹಳ ಕಡಿಮೆ ಹಣದಲ್ಲಿ ತೆಗೆದ ಈ ಸಿನಿಮಾ 1999ರಲ್ಲಿ ಬಂದು ಜಗತ್ತಿನಾದ್ಯಂತ ಸುಮಾರು 25 ಕೋಟಿ ಡಾಲರ್ ಗಳಿಸಿತು. ಕೊನೆಯ ದೃಶ್ಯದಲ್ಲಿ ಪಾಳುಮನೆಯ ನೆಲಮಾಳಿಗೆಯಲ್ಲಿ ಒಬ್ಬ ಗೋಡೆಯ ಮೂಲೆಗೆ ಮುಖಮಾಡಿ ಸುಮ್ಮನೆ ನಿಂತಿರುತ್ತಾನೆ, ಕ್ಯಾಮೆರಾ ಕೆಳಗೆ ಬೀಳುತ್ತದೆ, ಸಿನಿಮಾ ಮುಗಿಯುತ್ತದೆ. ಬಿಡುಗಡೆಗೆ ಮುಂಚೆ ನೋಡಿದ ಜನರಿಗೆ ಈ ಅಂತ್ಯ ಅರ್ಥವಾಗಲಿಲ್ಲ; ಅವನೇಕೆ ಮೂಲೆಯಲ್ಲಿ ನಿಂತ ಎಂದು ತಲೆ ಕೆರೆದುಕೊಂಡರು. ವಿತರಕರ ಒತ್ತಾಯದ ಮೇಲೆ ನಿರ್ದೇಶಕರು ರಕ್ತಸಿಕ್ತವಾದದ್ದೂ ಸೇರಿ ಬೇರೆ ಬೇರೆ ಅಂತ್ಯಗಳನ್ನು ಚಿತ್ರೀಕರಿಸಿದರು. ಕೊನೆಗೆ ಉಳಿಸಿಕೊಂಡದ್ದು ಮೊದಲಿನದನ್ನೇ. ಬದಲಿಸಿದ್ದು ಆರಂಭವನ್ನು: ಹಿಂದೆ ಆ ಊರಿನ ಕೊಲೆಗಾರನೊಬ್ಬ ಮಕ್ಕಳನ್ನು ಇಬ್ಬಿಬ್ಬರಾಗಿ ನೆಲಮಾಳಿಗೆಗೆ ಒಯ್ದು, ಒಬ್ಬರನ್ನು ಕೊಲ್ಲುವಾಗ ಇನ್ನೊಬ್ಬರನ್ನು ಮೂಲೆಗೆ ಮುಖಮಾಡಿ ನಿಲ್ಲಿಸುತ್ತಿದ್ದ ಎಂದು ಊರಿನವರೊಬ್ಬರು ಹೇಳುವ ಮಾತನ್ನು ಮೊದಲಲ್ಲೇ ಸೇರಿಸಿದರು. ಅಂತ್ಯ ಅರ್ಥವಾಗಲಿಲ್ಲ ಎಂಬ ದೂರು ನಿಜವಾಗಿತ್ತು. ದೋಷ ಮಾತ್ರ ದೂರು ತೋರಿದ ಜಾಗದಲ್ಲಿರಲಿಲ್ಲ. 

ಟ್ರೇಲರಿನ ವಿಷಯಕ್ಕೆ ಬಂದರೆ ಇನ್ನೊಂದು ಸೂಕ್ಷ್ಮವಿದೆ, ವಿದ್ಯಾರ್ಥಿಗಳ ಪ್ರಶ್ನಾವಳಿಗಳು ಇದನ್ನು ಮರೆಯುವುದೇ ಹೆಚ್ಚು. ಸಿನಿಮಾದ ಕೆಲಸ ಹೆದರಿಸುವುದು. ಟ್ರೇಲರಿನ ಕೆಲಸ ಹೆದರಲು ಟಿಕೆಟ್ ಕೊಳ್ಳುವಂತೆ ಮಾಡುವುದು. ಎರಡೂ ಒಂದೇ ಅಲ್ಲ. ನಿರ್ದೇಶಕ ಹಿಚ್‌ಕಾಕ್ 1960ರಲ್ಲಿ ತಮ್ಮ ‘ಸೈಕೋ’ ಸಿನಿಮಾಕ್ಕೆ ಮಾಡಿದ ಆರು ನಿಮಿಷಕ್ಕೂ ಹೆಚ್ಚಿನ ಟ್ರೇಲರಿನಲ್ಲಿ ಸಿನಿಮಾದ ದೃಶ್ಯಗಳೇ ಇಲ್ಲವೆನ್ನಬೇಕು. ದಪ್ಪ ಹೊಟ್ಟೆಯ ಆ ಮನುಷ್ಯ ಲಘು ಸಂಗೀತದ ನಡುವೆ ಪ್ರವಾಸಿ ಗೈಡಿನಂತೆ ಸೆಟ್ಟಿನಲ್ಲಿ ಅಡ್ಡಾಡುತ್ತಾ, ಇಲ್ಲಿ ಏನೋ ಭಯಾನಕ ನಡೆಯಿತು ಎಂದು ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸುತ್ತಾನೆ. ಕೊನೆಯ ಒಂದು ಕಿರಿಚಾಟವನ್ನು ಬಿಟ್ಟರೆ ಹೆದರಿಕೆ ಇಲ್ಲ, ತಡೆಯಲಾರದ ಕುತೂಹಲ ಇದೆ. ಈ ಟ್ರೇಲರಿಗೆ ‘ಹೆದರಿದಿರಾ’ ಎಂಬ ಪ್ರಶ್ನಾವಳಿ ಹಂಚಿದ್ದರೆ ಹಿಚ್‌ಕಾಕ್ ನಪಾಸಾಗುತ್ತಿದ್ದರು. ಆದ್ದರಿಂದ ವಿದ್ಯಾರ್ಥಿಗಳು ಕೇಳಬೇಕಾದ ಮೊದಲ ಪ್ರಶ್ನೆ, ಈ ಸಿನಿಮಾದ ಕಥೆ ಏನಿರಬಹುದು, ನಿಮ್ಮ ಮಾತಿನಲ್ಲಿ ಹೇಳಿ ಎಂಬುದು. ಎರಡನೆಯದು, ಏನನ್ನು ತಿಳಿಯಬೇಕು ಅನ್ನಿಸುತ್ತಿದೆ ಎಂಬುದು. ಮೊದಲನೆಯದಕ್ಕೆ ಪೂರ್ತಿ ಕಥೆಯನ್ನು ಅಂತ್ಯಸಮೇತ ಸರಿಯಾಗಿ ಹೇಳಿಬಿಟ್ಟರೆ ಟ್ರೇಲರ್ ಬಾಯಿ ಬಿಟ್ಟಿದೆ ಎಂದರ್ಥ. ಏನೂ ಹೇಳಲಾಗದಿದ್ದರೆ ಅದು ಬರೀ ಕಿರುಚಾಟದ ಸರಮಾಲೆ. ಎರಡನೆಯದಕ್ಕೆ ಉತ್ತರವೇ ಬಾರದಿದ್ದರೆ ಎಷ್ಟು ಬೆಚ್ಚಿಬೀಳಿಸಿದರೂ ವ್ಯರ್ಥ.

ಕಥೆ ಏನೆಂದು ಕೇಳುವುದಕ್ಕೆ ಈ ವಿದ್ಯಾರ್ಥಿಗಳ ಪಠ್ಯದಲ್ಲೇ ಆಧಾರವಿದೆ. ಜಮೈಕಾದಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ನೆಲೆಸಿದ ಚಿಂತಕ ಸ್ಟುವರ್ಟ್ ಹಾಲ್ 1973ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾಗ ಮಂಡಿಸಿದ ವಿಚಾರವೊಂದನ್ನು ಮೀಡಿಯಾ ಸ್ಟಡೀಸ್ ಮಕ್ಕಳೆಲ್ಲ ಓದುತ್ತಾರೆ. ಮಾಡಿದವರು ಒಂದು ಅರ್ಥವನ್ನು ಇಟ್ಟು ಕಳಿಸುತ್ತಾರೆ. ನೋಡುವವರು ಅದನ್ನು ಹಾಗೆಯೇ ತೆಗೆದುಕೊಳ್ಳಬಹುದು, ಅರ್ಧ ಒಪ್ಪಿ ಅರ್ಧ ಬಿಡಬಹುದು, ಪೂರ್ತಿ ತಿರುಗಿಯೂ ಬೀಳಬಹುದು. ಪರೀಕ್ಷೆಯಲ್ಲಿ ಈ ಮೂರನ್ನೂ ಚೊಕ್ಕವಾಗಿ ಬರೆಯುವ ವಿದ್ಯಾರ್ಥಿ ತನ್ನದೇ ಟ್ರೇಲರಿನ ಮುಂದೆ ಮಾತ್ರ ಇದನ್ನು ಮರೆತು, ನಾನು ಇಟ್ಟ ಅರ್ಥವೇ ಎಲ್ಲರಿಗೂ ತಲುಪಿದೆ ಎಂಬ ಭರವಸೆಯಿಂದ ‘ಇಷ್ಟವಾಯಿತೇ’ ಎಂದು ಕೇಳುತ್ತಾನೆ. ಮುಖವಾಡದವನನ್ನು ನಾಯಕಿಯ ಅಣ್ಣ ಎಂದು ಮೂವರು ತಿಳಿದರೆ, ಅದು ನೋಡಿದವರ ದಡ್ಡತನವಲ್ಲ. ಇಬ್ಬರಿಗೂ ಒಂದೇ ಬಣ್ಣದ ಜಾಕೆಟ್ ಹಾಕಿಸಿದ್ದರಿಂದ ಹಾಗಾಗಿರಬಹುದು. ಇಂಥ ತಪ್ಪುಗ್ರಹಿಕೆಗಳು ಹೊಗಳಿಕೆಗಿಂತ ನೂರುಪಾಲು ಉಪಯೋಗಿ, ಯಾಕೆಂದರೆ ಪ್ರತಿಯೊಂದರ ಹಿಂದೆಯೂ ಕತ್ತರಿಸಬಹುದಾದ, ಸೇರಿಸಬಹುದಾದ ಒಂದು ಶಾಟ್ ಇರುತ್ತದೆ.

ಮಾತಿನ ಉತ್ತರಕ್ಕಿಂತ ಮೊದಲು ಮೈಯ ಉತ್ತರವನ್ನು ಗಮನಿಸಬೇಕು. ಪರದೆಗೆ ಬೆನ್ನು ಹಾಕಿ, ನೋಡುವವರ ಮುಖಕ್ಕೆ ಮುಖ ಮಾಡಿ ಕೂತು, ಯಾವ ಸೆಕೆಂಡಿನಲ್ಲಿ ಯಾರು ಅಲುಗಿದರು, ಯಾರು ಫೋನ್ ತೆಗೆದರು ಎಂದು ಬರೆದುಕೊಳ್ಳುವುದು. ನಿರ್ದೇಶಕ ಸ್ಪೀಲ್‌ಬರ್ಗ್ ‘ಜಾಸ್’ ಸಿನಿಮಾ ಮಾಡಿದಾಗ ನಡೆದದ್ದು ಇದೇ. 1975ರ ಪೂರ್ವಪ್ರದರ್ಶನಗಳಲ್ಲಿ ಶಾರ್ಕ್ ನೀರಿನಿಂದ ತಲೆಯೆತ್ತಿದಾಗ ಜನ ಕಿರುಚಿದ್ದನ್ನು ಕೇಳಿ, ಇನ್ನೊಂದು ಕಿರುಚಾಟ ಬೇಕೆಂಬ ಆಸೆ ಅವರಿಗೆ ಹುಟ್ಟಿತು. ಎಡಿಟರ್ ವರ್ನಾ ಫೀಲ್ಡ್ಸ್ ಅವರ ಮನೆಯ ಈಜುಕೊಳಕ್ಕೆ ಹಾಲು ಸುರಿದು ಸಮುದ್ರದಂತೆ ಮಬ್ಬುಮಾಡಿ, ಮುಳುಗಿದ ದೋಣಿಯ ತೂತಿನಿಂದ ಸತ್ತವನ ತಲೆ ಹೊರಬರುವ ದೃಶ್ಯ ತೆಗೆದರು. ಕಿರುಚಾಟ ಸಿಕ್ಕಿತು. ಆದರೆ ಆ ತಲೆಯಿಂದ ಒಮ್ಮೆ ಬೆಚ್ಚಿದ ಜನ ಎಚ್ಚರಗೊಂಡುಬಿಟ್ಟರು, ಆಮೇಲೆ ಶಾರ್ಕ್ ಎದ್ದಾಗ ಮೊದಲಿನಷ್ಟು ಕಿರುಚಲಿಲ್ಲ ಎಂದು ಸ್ಪೀಲ್‌ಬರ್ಗರೇ ಹೇಳಿಕೊಂಡಿದ್ದಾರೆ. ಟ್ರೇಲರ್ ಮಾಡುವವರು ಇದನ್ನು ಗೋಡೆಗೆ ಬರೆದಿಟ್ಟುಕೊಂಡರೂ ತಪ್ಪಿಲ್ಲ. ತೊಂಬತ್ತು ಸೆಕೆಂಡಿನಲ್ಲಿ ಐದು ಸಲ ‘ಢಮ್’ ಎನ್ನಿಸಿದರೆ ಎರಡನೆಯದರಿಂದಾಚೆಗೆ ಎಲ್ಲವೂ ಬರೀ ಗದ್ದಲ. ಒಂದು ಕಡೆ ಸೇರಿಸಿದ ಭಯ ಇನ್ನೊಂದು ಕಡೆಯಿಂದ ಕಳೆದದ್ದಾಗಿರುತ್ತದೆ. ಹಾಗಾಗಿ ಒಂದು ಬದಲಾವಣೆ ಮಾಡಿದ ಮೇಲೆ ಆ ಜಾಗವನ್ನಷ್ಟೇ ಅಲ್ಲ, ಇಡೀ ಟ್ರೇಲರನ್ನು ಮತ್ತೆ ತೋರಿಸಬೇಕಾಗುತ್ತದೆ.

ಇಲ್ಲಿ ಬಲವಾದ ಆಕ್ಷೇಪವೊಂದು ಏಳುತ್ತದೆ: ಮೈಯೂ ಸುಳ್ಳು ಹೇಳುವುದಿಲ್ಲವೇ? ಹೇಳುತ್ತದೆ. ಓರೆನ್ ಪೆಲಿ ತನ್ನ ಮನೆಯಲ್ಲೇ ಸುಮಾರು 15,000 ಡಾಲರಿನಲ್ಲಿ ತೆಗೆದ ‘ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ’ಯ ಒಂದು ಪೂರ್ವಪ್ರದರ್ಶನದಲ್ಲಿ ಜನ ಮಧ್ಯದಲ್ಲೇ ಎದ್ದು ಹೋಗತೊಡಗಿದರಂತೆ. ಸಿನಿಮಾ ಮುಳುಗಿತು ಎಂದುಕೊಂಡಿದ್ದವರಿಗೆ, ವಿಚಾರಿಸಿದಾಗ ಅವರು ಹೊರಟದ್ದು ಬೇಸರದಿಂದಲ್ಲ, ತಡೆಯಲಾರದ ಹೆದರಿಕೆಯಿಂದ ಎಂದು ತಿಳಿಯಿತು ಎಂಬ ಸಂಗತಿ ಪ್ರಸಿದ್ಧ. ನಗುವಿನ ವಿಷಯದಲ್ಲಂತೂ ಗೊಂದಲ ಇನ್ನೂ ಹೆಚ್ಚು. ಹಾರರ್ ನೋಡುವಾಗ ಭಯ ತಡೆಯಲಾರದೆ ನಗುವವರೂ ಇದ್ದಾರೆ, ಮುಖವಾಡದ ಗೆಳೆಯನ ಗುರುತು ಹತ್ತಿ ನಗುವವರೂ ಇದ್ದಾರೆ. ದೂರದಿಂದ ಎರಡೂ ನಗುವೇ. ಹಾಗಾಗಿ ಮೈಯನ್ನು ನೋಡಿ ಅಲ್ಲಿಗೇ ನಿಲ್ಲಿಸುವಂತಿಲ್ಲ, ಆ ಜಾಗವನ್ನು ಹಿಡಿದು ಮಾತಾಡಿಸಬೇಕು. ಆದರೆ ‘ಏಕೆ ನಕ್ಕೆ’ ಎಂದಲ್ಲ. ಆಗ ಕಾಲುಚೀಲದ ನೇಯ್ಗೆಯಂಥ ಉತ್ತರ ಬರುತ್ತದೆ. ‘ನೀನು ನಕ್ಕಾಗ ಪರದೆಯ ಮೇಲೆ ಏನಿತ್ತು, ಮುಂದೆ ಏನಾಗುತ್ತದೆ ಅಂದುಕೊಂಡಿದ್ದೆ’ ಎಂದು ಕೇಳಿದರೆ ಕಾರಣದ ಬದಲು ನೆನಪು ಹೊರಗೆ ಬರುತ್ತದೆ. ಅಂದಹಾಗೆ, ಪ್ಯಾರಾನಾರ್ಮಲ್ ಆ್ಯಕ್ಟಿವಿಟಿಯ 2009ರ ಟ್ರೇಲರ್ ಈ ಪಾಠವನ್ನು ಬಲು ಜಾಣತನದಿಂದ ಬಳಸಿಕೊಂಡಿತು. ಕತ್ತಲಲ್ಲೂ ಕಾಣುವ ಕ್ಯಾಮೆರಾದಲ್ಲಿ ಹಿಡಿದ, ಕುರ್ಚಿಯಲ್ಲೇ ಮುದುಡುವ, ಮುಖ ಮುಚ್ಚಿಕೊಳ್ಳುವ ನಿಜವಾದ ಪ್ರೇಕ್ಷಕರನ್ನೇ ಅದು ಸಿನಿಮಾಕ್ಕಿಂತ ಹೆಚ್ಚಾಗಿ ತೋರಿಸಿತು. ಪ್ರೇಕ್ಷಕರ ಪ್ರತಿಕ್ರಿಯೆಯೇ ಟ್ರೇಲರ್ ಆಯಿತು.

ಹತ್ತು ಹದಿನೈದು ಸಹಪಾಠಿಗಳನ್ನು ನೋಡಿ ಏನು ತೀರ್ಮಾನಿಸಲು ಸಾಧ್ಯ ಎಂಬುದು ಮತ್ತೊಂದು ಆಕ್ಷೇಪ. ಎಷ್ಟು ಮಂದಿ ಸಿನಿಮಾ ನೋಡಲು ಬಂದಾರು ಎಂದು ಲೆಕ್ಕ ಹಾಕುವುದಾದರೆ ಖಂಡಿತ ಏನೂ ಸಾಧ್ಯವಿಲ್ಲ, ಶೇಕಡಾವಾರು ಪೈ ಚಾರ್ಟಿಗೆ ಆ ಕಾರಣಕ್ಕೇ ಅರ್ಥವಿಲ್ಲ. ಆದರೆ ದೋಷ ಹುಡುಕುವುದಕ್ಕೆ ದೊಡ್ಡ ಸಂಖ್ಯೆ ಬೇಡ. ಎಡಿಟಿಂಗ್ ಕಂಪ್ಯೂಟರಿನ ಹೊಳೆಯುವ ಪರದೆಯಲ್ಲಿ ಸ್ಪಷ್ಟವಾಗಿದ್ದ ರಾತ್ರಿ ದೃಶ್ಯ ತರಗತಿಯ ಪ್ರೊಜೆಕ್ಟರಿನಲ್ಲಿ ಕಪ್ಪು ಚೌಕವಾದದ್ದು ಮೊದಲ ಇಬ್ಬರಲ್ಲೇ ಗೊತ್ತಾಗುತ್ತದೆ. ಕ್ಯಾಮೆರಾದ ಮೈಕಿನಲ್ಲೇ ಹಿಡಿದ ಸಂಭಾಷಣೆ ಗಾಳಿಯ ಸದ್ದಿನಲ್ಲಿ ಮುಳುಗಿರುವುದು ಮೂರನೆಯವನ ‘ಏನಂದಳು?’ ಎಂಬ ಪ್ರಶ್ನೆಯಲ್ಲಿ ತಿಳಿಯುತ್ತದೆ. ಸಂಖ್ಯೆಗಿಂತ ಮುಖ್ಯವಾದದ್ದು ಯಾರು ಎಂಬುದು. ನಾಯಕಿಯಾಗಿ ನಟಿಸಿದವಳನ್ನು ಬಲ್ಲ ಸಹಪಾಠಿಗೆ ಕಾಣುವುದು ನಾಯಕಿಯಲ್ಲ, ಗೆಳತಿ. ಇದರಲ್ಲೊಂದು ತಮಾಷೆಯ ಬಿಕ್ಕಟ್ಟೂ ಇದೆ: ಬ್ರಿಟನ್ನಿನಲ್ಲಿ ಹಾರರ್ ಸಿನಿಮಾಗಳಿಗೆ ಬಹುಪಾಲು 15 ಅಥವಾ 18ರ ಪ್ರಮಾಣಪತ್ರ. ಅಂದರೆ 18ರ ಸಿನಿಮಾಕ್ಕೆಂದು ಟ್ರೇಲರ್ ಮಾಡಿದ ಹದಿನೇಳರ ಹುಡುಗಿಗೆ ಆ ಸಿನಿಮಾ ನೋಡಲು ಚಿತ್ರಮಂದಿರದಲ್ಲಿ ಪ್ರವೇಶವೇ ಇಲ್ಲ, ಅಭಿಪ್ರಾಯ ಕೊಟ್ಟ ತರಗತಿಯ ಅನೇಕರಿಗೂ ಇಲ್ಲ. ಗುರಿಯಿಟ್ಟ ಪ್ರೇಕ್ಷಕರು ಬೇರೆ ಎಲ್ಲೋ ಇರುತ್ತಾರೆ. ಕಾಲೇಜು ಮುಗಿಸಿದ ಅಕ್ಕಂದಿರು, ಅಣ್ಣನ ಸ್ನೇಹಿತರು, ಪಕ್ಕದ ಬೇರೆ ಕಾಲೇಜಿನವರು ಅಂಥವರಲ್ಲಿ ಸಿಕ್ಕಾರು.

ಕಲೆಯನ್ನು ಹೀಗೆ ಜನರ ಮುಖ ನೋಡಿ ಕತ್ತರಿಸುತ್ತಾ ಹೋದರೆ ಮಾಡಿದವರ ಸ್ವಂತಿಕೆ ಏನಾಯಿತು ಎನ್ನುವವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಲಹೆಯನ್ನೆಲ್ಲ ಪಾಲಿಸಿದ ಟ್ರೇಲರ್ ಎಲ್ಲ ಟ್ರೇಲರುಗಳಂತೆಯೇ ಆಗುತ್ತದೆ: ನಗುವ ಗೆಳೆಯರು, ಕೆಟ್ಟುನಿಂತ ಕಾರು, ಮಿಣುಕುವ ದೀಪ, ಕತ್ತಲು, ಶೀರ್ಷಿಕೆ, ಕೊನೆಗೊಂದು ಕಿರಿಚಾಟ. ಆದರೆ ಈ ಅಪಾಯ ಬರುವುದು ಪ್ರೇಕ್ಷಕನ ಪರಿಹಾರವನ್ನು ಪಾಲಿಸುವುದರಿಂದ, ಅವನ ಅನುಭವವನ್ನು ತಿಳಿಯುವುದರಿಂದ ಅಲ್ಲ. ಮಿರಿಕ್ ಮತ್ತು ಸಾಂಚೆಜ್ ಜನರ ಗೊಂದಲವನ್ನು ಕೇಳಿಸಿಕೊಂಡ ಮೇಲೂ ತಮ್ಮ ಅಂತ್ಯವನ್ನು ಬಿಟ್ಟುಕೊಡಲಿಲ್ಲ. ಪ್ರತಿಕ್ರಿಯೆ ಕೇಳಿದ ಮೇಲೂ ಒಂದು ದೂರನ್ನು ಉದ್ದೇಶಪೂರ್ವಕವಾಗಿ ಹಾಗೆಯೇ ಬಿಡಬಹುದು. ನಾಲ್ವರು ‘ಕೊಲೆಗಾರ ಯಾರೆಂದು ತಿಳಿಯಲಿಲ್ಲ’ ಎಂದರೆ ಅದು ಟ್ರೇಲರಿನ ದೋಷವಲ್ಲ, ಗೆಲುವು. ಪರೀಕ್ಷಕರಿಗೆ ಬರೆಯುವ ಉತ್ತರದಲ್ಲಿ ಯಾವುದನ್ನು ಬದಲಿಸಿದೆವು ಎಂಬುದರ ಜೊತೆಗೆ ಯಾವುದನ್ನು ಏಕೆ ಬದಲಿಸಲಿಲ್ಲ ಎಂಬುದೂ ಇದ್ದರೆ, ವಿದ್ಯಾರ್ಥಿ ನಿಜಕ್ಕೂ ಏನಾದರೂ ಕಲಿತನೇ ಎಂಬುದು ಅಲ್ಲಿ ಕಾಣುತ್ತದೆ.

ಇಷ್ಟೆಲ್ಲ ಮಾಡಲು ಕ್ಯಾಲೆಂಡರಿನ ಕಡೆಗೂ ಒಂದು ಕಣ್ಣಿರಬೇಕು. ಒಬ್ಬ ಪ್ರೇಕ್ಷಕ ಒಂದು ಟ್ರೇಲರಿಗೆ ಹೊಸಬನಾಗಿರುವುದು ಒಂದೇ ಸಲ. ಮೊದಲ ರಫ್ ಕಟ್ಟನ್ನೇ ಇಡೀ ತರಗತಿಗೆ ತೋರಿಸಿಬಿಟ್ಟರೆ ತಿದ್ದಿದ ಆವೃತ್ತಿಯನ್ನು ಪರೀಕ್ಷಿಸಲು ಯಾರೂ ಉಳಿದಿರುವುದಿಲ್ಲ, ಏಕೆಂದರೆ ಬೀರುವಿನೊಳಗೆ ಯಾರಿದ್ದಾರೆ ಎಂದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿರುತ್ತದೆ. ಹದಿನೈದು ಮಂದಿ ಸಿಗುವುದಾದರೆ ಐದೈದರಂತೆ ಮೂರು ಗುಂಪು ಮಾಡಿಕೊಳ್ಳುವುದು ವಾಸಿ. ಸಂಗೀತ, ಶೀರ್ಷಿಕೆ ಏನೂ ಇಲ್ಲದ ಹಸಿ ಜೋಡಣೆ ಮೊದಲ ಗುಂಪಿಗೆ, ಕಥೆ ತಲುಪಿತೇ ಎಂದು ನೋಡಲು. ಸದ್ದು ಕೂಡಿಸಿದ ಆವೃತ್ತಿ ಎರಡನೆಯದಕ್ಕೆ, ಮೈ ಎಲ್ಲಿ ಅಲುಗಿತು ಎಂದು ಗುರುತಿಸಲು. ಮೂರನೆಯ ಗುಂಪಿನವರಿಗೆ ಟ್ರೇಲರಿನ ಹೆಸರನ್ನೂ ಹೇಳದೆ ಕೊನೆಯ ವಾರದವರೆಗೆ ದೂರ ಇಡುವುದು, ತಿದ್ದಿದ್ದರಿಂದ ಹೊಸದಾಗಿ ಏನು ಕೆಟ್ಟಿತು ಎಂದು ತಿಳಿಯಲು. ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ದಿನ ಪ್ರಶ್ನಾವಳಿ ಹಂಚುವವರಿಗೆ ಈ ಮೂರರಲ್ಲಿ ಒಂದಕ್ಕೂ ಸಮಯವಿರುವುದಿಲ್ಲ.